ಬೇಕಾಗಿತ್ತು, ಬಂದದ್ದು, ಯಾಕಂದರೆ

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ಜನ ನಂಬಿದ್ದಾರೆ. ನಂಬಲಿ. ನಾನು ಕೆಲಸ ಮಾಡುವಲ್ಲಿ ಅದು ಆಗಾಗ ಯಾರದಾದರೂ ಮಾನ ತೆಗೆಯುತ್ತಲೇ ಇರುತ್ತದೆ, ಹೆಚ್ಚಾಗಿ ನನ್ನದನ್ನು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಅಫಜಲಪುರದ ಸಾವ್ಕಾರರೊಬ್ಬರು ತೊಗರಿ ವ್ಯಾಪಾರದ ಜೊತೆಗೆ ಒಂದು ವಧೂವರ ಕೇಂದ್ರ ನಡೆಸುತ್ತಾರೆ. ಗುಲಬರ್ಗಾದಲ್ಲಿ ಯಾರೋ ತಲೆ ತುಂಬಿದ್ದರಿಂದ ಗಂಡು-ಹೆಣ್ಣು ಹೊಂದಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಪ್ರೋಗ್ರಾಮ್ ಬರೆಯಲು ಇಬ್ಬರನ್ನು ಇಟ್ಟರು. ಆಳಂದದ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು. ಜೇವರ್ಗಿಯ ಅಂಗಡಿಯಲ್ಲಿ ಅದೇ ಊರಿನ ಒಬ್ಬ ಹುಡುಗಿ. ಇಬ್ಬರೂ ಬಿಎಸ್ಸಿ. ಗಿರಾಕಿಗಳು ಬರುವುದು ಮಾತ್ರ ಅಫಜಲಪುರಕ್ಕೆ.

ಪ್ರೋಗ್ರಾಮಿನಲ್ಲಿ ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತದೆ. ಅದಕ್ಕೆ ಅದನ್ನು ಪರೀಕ್ಷಿಸುವ ಇನ್ನೊಂದು ಪ್ರೋಗ್ರಾಮನ್ನೂ ನಾವೇ ಬರೆದೆವು. ಮಶೀನು ಚಾಲೂ ಮಾಡಿದ ಕೂಡಲೇ ಅದು ತಾನಾಗಿ ಓಡುತ್ತದೆ. ಅದರ ತುಂಬ ಇರುವುದು ಖಾತ್ರಿ ಸಾಲುಗಳು. ಒಂದು ಮಾದರಿ ಗಂಡು, ಒಂದು ಮಾದರಿ ಹೆಣ್ಣು ಮಾಡಿ, ‘ಇಬ್ಬರದೂ ಒಂದೇ ಬೆಡಗು, ಅಣ್ಣ-ತಂಗಿ ಲೆಕ್ಕ, ಹೊಂದಬಾರದು’ ಎಂದು ಖಾತ್ರಿಯಾಗಿ ಹೇಳುವುದು. ಪ್ರೋಗ್ರಾಮು ಅವರನ್ನು ಹೊಂದಿಸಿಬಿಟ್ಟರೆ ಖಾತ್ರಿ ಮುರಿಯಿತು. ಆಗ ಮಶೀನು ಟೊಂಯ್ ಎಂದು ಕೂಗಿ ಪರದೆಯ ಮೇಲೆ ಬರೆಯುತ್ತದೆ. ನಮ್ಮ ಮಶೀನಿಗೆ ಕನ್ನಡ ಲಿಪಿ ಬಾರದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತದೆ. ಏನು ಬರೆಯುತ್ತದೆ ಎಂಬುದು ಸಾಲು ಬರೆದವರ ಗುಣ.

ಸುಳ್ಳು

ಮೊದಮೊದಲು ನನ್ನ ಖಾತ್ರಿ ಸಾಲುಗಳಿಗೆ ಒಂದೇ ಮಾತು ಗೊತ್ತಿತ್ತು: ‘ಸುಳ್ಳು’. ಯಾರದು ಸುಳ್ಳು, ಯಾಕೆ ಸುಳ್ಳು ಎಂಬುದನ್ನು ನಾನು ಆಮೇಲೆ ಹುಡುಕಿಕೊಳ್ಳುತ್ತಿದ್ದೆ. ಹೆಚ್ಚು ಮಾತು ನನಗೆ ಕಾಲೇಜಿನಿಂದಲೂ ಆಗಿಬಂದಿಲ್ಲ.

ಹಿರೋಳ್ಳಿಯ ಗೌಡರೊಬ್ಬರು ಮಗನಿಗೆ ಹೆಣ್ಣು ಕೇಳಲು ಅಫಜಲಪುರಕ್ಕೆ ಬಂದಿದ್ದರು. ನಾನೂ ಅಂದು ಅಲ್ಲಿದ್ದೆ. ಮಗನ ಊರು, ಓದು, ವಯಸ್ಸು ಎಲ್ಲ ಬಾಯಲ್ಲಿ ಹೇಳಿ ಮುಗಿಸಿದ್ದರು. ಇನ್ನೂ ಮಶೀನಿಗೆ ಹಾಕಿರಲಿಲ್ಲ. ಸಾವ್ಕಾರರು ಅವರೆದುರಿಗೇ ಮಶೀನು ಚಾಲೂ ಮಾಡಿದರು. ಪರೀಕ್ಷೆ ಓಡಿತು. ಟೊಂಯ್.

‘ಏನಂತದ್ರಿ?’ ಎಂದರು ಗೌಡರು.

ಸಾವ್ಕಾರರು ಓದಿದರು: ‘ವರನ ವಯಸ್ಸು: ಸುಳ್ಳು.’

ಅದು ನನ್ನ ಮಾದರಿ ವರನ ವಯಸ್ಸು. ಹಾಗೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಗೌಡರ ಮುಖದ ಬಣ್ಣ ಇಳಿದಿತ್ತು. ಬಾಗಿಲ ಕಡೆ ಒಮ್ಮೆ ನೋಡಿ, ಮಶೀನಿನ ಹತ್ತಿರ ಬಗ್ಗಿ, ಅದಕ್ಕೇ ಹೇಳಿದರು: ‘ಮೂರು ವರ್ಷ ಕಮ್ಮಿ ಹೇಳೀನ್ರಿ. ತಪ್ಪಾತು. ಬೀಗರಾಗೋರಿಗೆ ಮಾತ್ರ ತಿಳಸಬ್ಯಾಡ್ರಿ.’

ಅವರು ಹೋದ ಮೇಲೆ ನಾನು ಸಾಲನ್ನು ತಿದ್ದಲು ಕುಳಿತೆ. ಸಾವ್ಕಾರರು ಕೈ ಹಿಡಿದರು.

‘ತಮ್ಮಾ, ನಾಳಿಗೆ ತಿದ್ದು. ಸಂಜಿಗೆ ಇನ್ನಿಬ್ಬರು ಬರೋರಿದ್ದಾರ, ಅವರೂ ಒಮ್ಮೆ ಇದರ ಮುಂದ ಕೂಡ್ಲಿ.’

ಶಾಮಿಯಾನ

ಇನ್ನು ಮುಂದೆ ಸಾಲು ಓದಿದರೆ ತಿಳಿಯುವಂತಿರಬೇಕು ಎಂದು ಸಾವ್ಕಾರರು ಹುಕುಂ ಮಾಡಿದರು. ತಿಂಗಳಿಗೊಮ್ಮೆ ನಾವಿಬ್ಬರೂ ಅಫಜಲಪುರದಲ್ಲಿ ಕೂಡುವುದೆಂದೂ, ಬರೆದದ್ದನ್ನು ಅವರೇ ಗಟ್ಟಿಯಾಗಿ ಓದುವುದೆಂದೂ ಆಯಿತು. ಜೇವರ್ಗಿಯ ಹುಡುಗಿಯನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಈ ಸಲ ನಾನು ತರ್ಕಶುದ್ಧವಾಗಿ ಬರೆದಿದ್ದೆ. ಸಾವ್ಕಾರರು ಪರದೆಯ ಮೇಲೆ ಬೆರಳಿಟ್ಟು ಓದಿದರು: ‘ವರನು ವಧುವಿಗಿಂತ ಹಿರಿಯನಲ್ಲ ಎಂಬುದು ಸುಳ್ಳಲ್ಲದಿದ್ದರೆ ಹೊಂದಿಕೆ ಇಲ್ಲದಿರುವುದು ತಪ್ಪಲ್ಲ.’ ಬೆರಳು ಸಾಲಿನ ಕೊನೆಗೆ ಹೋಗಿ ನಿಂತಿತು. ಮತ್ತೆ ಮೊದಲಿಗೆ ಬಂತು.

‘ತಮ್ಮಾ, ಇವರ ಮದುವಿ ಆಗ್ತದೋ ಇಲ್ಲೋ?’

‘ತರ್ಕದ ಪ್ರಕಾರ ನೋಡಿದ್ರ...’

‘ತರ್ಕ ಅತ್ತ ಇಡು. ಶಾಮಿಯಾನ ಹೇಳಬೇಕೋ ಬ್ಯಾಡೋ, ಅದೊಂದು ಹೇಳು.’

ಜೇವರ್ಗಿಯ ಹುಡುಗಿ ಪರದೆಯ ಕಡೆ ಬಗ್ಗಿದಳು. ‘ಈ ಸಾಲು ಓದಿ ಮುಗಸೂದ್ರಾಗ ಹುಡುಗಿ ಅಜ್ಜಿ ಆಗಿರ್ತಾಳ್ರಿ’ ಎಂದಳು. ಕುರ್ಚಿ ಎಳೆದುಕೊಂಡು ಕುಳಿತು, ನನ್ನ ಸಾಲನ್ನು ಅಳಿಸಿ, ಮೂರು ಸಣ್ಣ ಸಾಲು ಹೊಡೆದಳು.

ಬೇಕಾಗಿತ್ತು: ಹುಡುಗ ಹುಡುಗಿಗಿಂತ ದೊಡ್ಡವನಿರಬೇಕು.
ಬಂದದ್ದು: ಸಣ್ಣವನನ್ನು ಹೊಂದಿಸಿದೆ.
ಯಾಕಂದರೆ: ವಯಸ್ಸು ನೋಡುವುದನ್ನೇ ಮರೆತಿದೆ.

ಸಾವ್ಕಾರರು ಒಂದೇ ಉಸಿರಿಗೆ ಓದಿದರು. ‘ಇದು ನೋಡು ಮನಷಾರ ಮಾತು’ ಎಂದರು.

‘ಕೆಟ್ಟದ್ದು ಹೇಳೂಮುಂದ, ಮೊದಲ ಆಸಿ ಏನಿತ್ತು ಅನ್ನೋದು ಹೇಳಬೇಕ್ರಿ’ ಎಂದಳು ಆಕೆ, ನನ್ನ ಕಡೆ ತಿರುಗಿ.

‘ಮಶೀನಿಗೆ ಆಸಿ ಇರ್ತದೇನ್ರಿ?’ ಎಂದೆ.

‘ಬರದವರಿಗೆ ಇರ್ತದಲ್ರಿ.’

ಮಧ್ಯಾಹ್ನ ಆಕೆ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ಬಹುಪಾಲು ಸಾವ್ಕಾರರು ತಿಂದರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸುಮಾರು ಹೊತ್ತು ನಿಂತಿದ್ದೆವು. ‘ನೀವು ಬರೆದದ್ದು ಭಾಳ ಚಂದಿತ್ತು’ ಎಂದು ಹೇಳಬೇಕೆಂದುಕೊಂಡೆ. ಹೇಗೆ ಶುರು ಮಾಡುವುದೆಂದು ಲೆಕ್ಕ ಹಾಕುತ್ತಿದ್ದಾಗ ಜೇವರ್ಗಿಯ ಬಸ್ಸು ಬಂತು. ಆಕೆ ಹತ್ತಿದಳು. ಕಿಟಕಿಯಿಂದ ತಲೆಯಾಡಿಸಿದಳು. ಬಸ್ಸು ತಿರುವು ದಾಟಿ ಧೂಳು ಅಡಗಿದ ಮೇಲೆ ನನ್ನ ಬಾಯಿಂದ ಮಾತು ಹೊರಟಿತು.

‘ಭಾಳ ಚಂದಿತ್ತು.’

ಪಕ್ಕದಲ್ಲಿ ಕಬ್ಬು ಸಿಗಿಯುತ್ತಿದ್ದ ಮುದುಕ ನನ್ನನ್ನೇ ನೋಡಿದ. ‘ಇನ್ನೂ ಅದ, ತಗೋತೀಯೇನು?’ ಎಂದು ಅರ್ಧ ಜಲ್ಲೆ ಕೊಟ್ಟ. ಅದನ್ನೇ ತಿನ್ನುತ್ತ ಆಳಂದಕ್ಕೆ ಬಂದೆ.

ಲಗೇಜು

ಆಕೆ ಬರೆದದ್ದು ನನಗೆ, ನಾನು ಬರೆದದ್ದು ಆಕೆಗೆ ತಲುಪಬೇಕಲ್ಲ. ಫ್ಲಾಪಿಯಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಜೇವರ್ಗಿಯಿಂದ ಗುಲಬರ್ಗಾ ಹಾಯ್ದು ಆಳಂದಕ್ಕೆ ಬರುವ ಬಸ್ಸಿನ ಕಂಡಕ್ಟರು ಆಕೆಯ ತಂದೆ. ಅಂಗೈಗಿಂತ ದೊಡ್ಡದಾದ, ತೆಳ್ಳಗಿನ ಆ ಕರಿ ಚೌಕವನ್ನು ಅವರು ‘ಹಪ್ಪಳ’ ಎನ್ನುತ್ತಿದ್ದರು.

ಬಿಸಿಲಿಳಿಯುವ ಹೊತ್ತಿಗೆ ನಾನು ಆಳಂದದ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಬಸ್ಸು ತಡವಾದರೆ ರಸ್ತೆಯ ಕೊನೆಯನ್ನೇ ನೋಡುತ್ತಿದ್ದೆ. ಯಾವ ಪ್ರೋಗ್ರಾಮಿಗಾದರೂ ಒಬ್ಬ ಇಷ್ಟು ಕಾಯುತ್ತಾನೆಯೇ ಎಂದು ನನಗೇ ಅನ್ನಿಸುತ್ತಿತ್ತು.

‘ತಗೋರಿ ಬಿಎಸ್ಸಿ, ನಿಮ್ಮ ಹಪ್ಪಳ ಬಂತು’ ಎಂದು ಕಂಡಕ್ಟರು ಇಳಿಯುವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಕಾಕಾನ ಎರಡು ಕಟ್ಟುನಿಟ್ಟು ಇಡೀ ದಾರಿಗೆ ಗೊತ್ತು. ಒಂದು, ಟಿಕೆಟ್ಟಿಲ್ಲದೆ ಯಾರನ್ನೂ ಬಿಡುವುದಿಲ್ಲ; ತವರಿಗೆ ಹೊರಟ ಸ್ವಂತ ಹೆಂಡತಿಗೂ ಹರಿದು ಕೊಟ್ಟವರು. ಎರಡು, ನಮ್ಮ ಜನ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಆ ಟಾವೆಲ್ಲನ್ನು ಅವರು ಅದೇ ಕಿಟಕಿಯಿಂದ ಹೊರಗೆ ಹಾಕುತ್ತಾರೆ. ‘ಟಾವೆಲ್ಲಿಗೆ ಸೀಟಿಲ್ಲ, ಹತ್ತಿ ಕೂತವಗ ಸೀಟು!’

ಒಂದು ದಿನ ಫ್ಲಾಪಿಯ ಮೂಲೆಯಲ್ಲಿ ದುಂಡನೆಯ ತೂತಿತ್ತು.

‘ಕಾಕಾ, ಇದೇನ್ರಿ ತೂತು?’

‘ಪಂಚ್ ಹೊಡದೀನಿ. ಲಗೇಜಲ್ಲೇನ್ರಿ ಅದು?’

‘ಇಷ್ಟು ದಿನ ಇರಲಿಲ್ಲಲ್ರಿ!’

‘ಇವತ್ತು ಚೆಕಿಂಗಿನವ್ರು ಹತ್ತಿದ್ರು. ಇದೇನಂತ ಕೇಳಿದ್ರು. ಮಗಳದ್ರಿ ಅಂದೆ. ಅವರು ಸುಮ್ಮನಾದ್ರು. ಆದ್ರ ನನಗ ಸುಮ್ಮನಿರಾಕ ಆಗಲಿಲ್ಲ. ಮಗಳದಾದ್ರೇನು, ಲಗೇಜು ಲಗೇಜೇ. ಟಿಕೆಟ್ ಹರಿದು ಪಂಚ್ ಹೊಡದೆ.’

‘ಟಿಕೆಟ್ಟಿಗೆ ಹೊಡೀಬೇಕಿತ್ತಲ್ರಿ?’

‘ಎರಡೂ ಕೂಡಿಸಿ ಹೊಡದೀನಿ. ಆಮೇಲೆ ಅದಲುಬದಲು ಆಗಬಾರದಲ್ರಿ.’

ಅಂಗಡಿಗೆ ಓಡಿದೆ. ತೂತು ಮೂಲೆಯಲ್ಲಿದ್ದರಿಂದ ಒಳಗಿನ ತಟ್ಟೆಗೆ ತಾಗಿರಲಿಲ್ಲ. ಎಲ್ಲ ಸಾಲೂ ಓದಿಸಿಕೊಂಡವು. ನಡೆದದ್ದನ್ನು ಬರೆದು ಜೇವರ್ಗಿಗೆ ಕಳಿಸಿದೆ. ಮುಂದಿನ ಫ್ಲಾಪಿ ಬಂದಾಗ ಅದೇ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚೀಟಿ ಅಂಟಿತ್ತು. ಅದರ ಮೇಲೆ ಆಕೆಯ ದುಂಡು ಅಕ್ಷರ: ‘ಅಪ್ಪಾ, ಇಲ್ಲೇ ಹೊಡಿ.’

ಮಾದರಿ ಹುಡುಗ

ನನ್ನ ಮಾದರಿ ಗಂಡು-ಹೆಣ್ಣುಗಳಿಗೆ ನಾನು ‘ಗಂಡು ೧’, ‘ಹೆಣ್ಣು ೧’ ಎಂದು ಬರೆಯುತ್ತಿದ್ದೆ. ಆಕೆಗೆ ಅದು ಹಿಡಿಸಲಿಲ್ಲ. ಓದುವವರ ಕಣ್ಣಿಗೆ ಒಬ್ಬ ಮನುಷ್ಯ ಕಾಣಬೇಕು ಎಂದಳು. ಹಾಗಾಗಿ ಜೇವರ್ಗಿಯಿಂದ ಬಂದ ಸಾಲುಗಳಲ್ಲಿ ಒಬ್ಬ ಕಾಣಿಸಿಕೊಂಡ: ‘ಆಳಂದದ ಹುಡುಗ. ಬಿಎಸ್ಸಿ. ಚಟ ಇಲ್ಲ. ಮಾತು ಕಮ್ಮಿ.’

ನಾನು ಅದನ್ನು ಬಹಳ ಸಲ ಓದಿದೆ. ನಂತರ ನನ್ನ ಸಾಲುಗಳಲ್ಲೂ ಒಬ್ಬಳನ್ನು ತಂದೆ: ‘ಜೇವರ್ಗಿ ಹುಡುಗಿ. ಬಿಎಸ್ಸಿ. ಅಕ್ಷರ ದುಂಡು.’ ಆಳಂದದ ಹುಡುಗನನ್ನು ಕಲ್ಪನೆಯ ಬೇರೆ ಬೇರೆ ಹುಡುಗಿಯರೊಂದಿಗೆ ಇಟ್ಟು ಪರೀಕ್ಷಿಸಿದೆವು. ಜೇವರ್ಗಿ ಹುಡುಗಿಯನ್ನು ಬೇರೆ ಬೇರೆ ಹುಡುಗರೊಂದಿಗೆ. ಆ ಇಬ್ಬರನ್ನು ಒಂದೇ ಸಾಲಿನಲ್ಲಿ ತರುವ ಪರೀಕ್ಷೆ ಮಾತ್ರ ಉಳಿದೇ ಇತ್ತು. ಎಷ್ಟೋ ಸಲ ಶುರು ಮಾಡಿ ಅಳಿಸಿದೆ. ಅಂಥ ಪರೀಕ್ಷೆ ಬೇಕೆಂದು ಸಾವ್ಕಾರರೂ ಕೇಳಲಿಲ್ಲ.

ಹೀಗಿರುವಾಗ ಕರಜಗಿಯಿಂದ ಒಬ್ಬ ತಾಯಿ ಮಗಳಿಗೆ ಗಂಡು ನೋಡಲು ಅಫಜಲಪುರಕ್ಕೆ ಬಂದಳು. ಗಂಡುಗಳ ಪಟ್ಟಿ ಪ್ರಿಂಟು ಹೊಡೆಯುವಾಗ ಸಾವ್ಕಾರರು ಪರೀಕ್ಷೆಯದನ್ನೂ ಸೇರಿಸಿ ಹೊಡೆದಿದ್ದರು. ಆ ತಾಯಿಯ ಕೂಡ ಬಂದಿದ್ದ ಅವಳ ತಮ್ಮ ಓದಿ ಹೇಳಿದ. ಆಕೆ ಒಂದು ಕಡೆ ಅವನ ಕೈ ಹಿಡಿದು ನಿಲ್ಲಿಸಿದಳು.

‘ಇಂವ ಆಗ್ಲಿ ನೋಡ್ರಿ. ಮಾತು ಕಮ್ಮಿ ಅಂತ ಅದ. ನಮ್ಮನಿ ಗಂಡಸರು ಮಾತಾಡಿ ಮಾತಾಡಿ ತಲಿ ತಿಂದಾರ.’

‘ಅಯ್ಯ ಬಾಯಾರ, ಅಂವ ಖರೇ ಹುಡುಗ ಅಲ್ರಿ’ ಎಂದರು ಸಾವ್ಕಾರರು. ‘ಪರೀಕ್ಷಾ ಮಾಡಾಕ ಇಟ್ಟಾರ ಅವನ್ನ.’

‘ಪರೀಕ್ಷಾದಾಗ ಪಾಸಾಗ್ಯಾನಿಲ್ಲೋ?’

‘ದಿನಾ ಪಾಸಾಗ್ತಾನ್ರಿ.’

‘ದಿನಾ ಪಾಸಾಗ್ತಾನಂತ, ಚಟ ಇಲ್ಲಂತ, ಮಾತಾಡಂಗಿಲ್ಲಂತ! ಮತ್ತ ಖರೇ ಹುಡುಗನ್ನ ತಗೊಂಡು ನಾ ಏನ್ಮಾಡ್ಲಿ?’

ಮೊದಲ ಪಾಳಿ

ಸಾವ್ಕಾರರು ಒಂದು ಹೊಸ ನಿಯಮ ಹೇಳಿದರು. ನಮ್ಮ ಕಡೆ ಮದುವೆಯಾಗದ ಸೋದರಮಾವ ಇದ್ದರೆ ಅಕ್ಕನ ಮಗಳನ್ನು ಕೇಳುವ ಹಕ್ಕು ಮೊದಲು ಅವನದು. ‘ಅಂವಂದು ಮೊದಲ ಪಾಳಿ. ಮಶೀನಿಗೂ ಅದು ಗೊತ್ತಿರಬೇಕು’ ಎಂದರು. ಪ್ರೋಗ್ರಾಮಿನಲ್ಲಿ ನಾನು ಸೇರಿಸಿದೆ. ಅದರ ಖಾತ್ರಿ ಸಾಲು ಬರೆಯುವುದು ಜೇವರ್ಗಿಯ ಪಾಲಿಗೆ ಬಂತು.

ಫ್ಲಾಪಿಯ ಹಿಂದೆ ಫ್ಲಾಪಿ ಬಂತು. ಆ ಸಾಲು ಬರಲಿಲ್ಲ. ಕೊನೆಯಲ್ಲಿ ‘ಅದೊಂದು ನಾಳೆ’ ಎಂದಿರುತ್ತಿತ್ತು. ಯಾವ ಸಾಲನ್ನೂ ಬಾಕಿ ಇಟ್ಟವಳಲ್ಲ. ಸಾವ್ಕಾರರು ಬೇಸತ್ತು ‘ತಮ್ಮಾ, ನೀನೇ ಬರದುಬಿಡು’ ಎಂದು ಹೇಳಿ ಕಳಿಸಿದರು. ಬರೆದೆ. ಆಕೆಯ ಪದ್ಧತಿಯಲ್ಲೇ, ಮೂರು ಸಾಲು. ‘ಬೇಕಾಗಿತ್ತು: ಎಲ್ಲರಿಗಿಂತ ಮೊದಲು ಸೋದರಮಾವ.’ ನಾನು ಬರೆದ ಸಾಲುಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಮೊದಲ ಸಲಕ್ಕೇ ಪಾಸಾಯಿತು. ಆಕೆ ಮೆಚ್ಚುತ್ತಾಳೆಂದು ಸಂಭ್ರಮದಿಂದ ಕಳಿಸಿದೆ.

ಮರುದಿನ ಕಾಕಾ ಫ್ಲಾಪಿ ತರಲಿಲ್ಲ. ಕ್ಯಾಂಟೀನಿನ ಬೆಂಚಿನ ಮೇಲೆ ಕುಳಿತರು. ಚಹಾ ತರಿಸಿದೆ.

‘ನಮ್ಮಾಕಿ ತಮ್ಮ ಸೊಲ್ಲಾಪುರದಾಗ ಇದ್ದಾನ್ರಿ, ಗಿರಣ್ಯಾಗ’ ಎಂದರು. ‘ಅಮಾಸಿ ಮುಗದ ಮ್ಯಾಲೆ ಮಗಳನ್ನ ಕೇಳಾಕ ಬರ್ತಾನಂತ. ಮೊದಲ ಪಾಳಿ ಅಂವಂದು ಅಂತ ನಮ್ಮಾಕಿ ಹಟ. ಪದ್ಧತಿ ಖರೇ ಹೌದಲ್ರಿ?’

ಚಹಾ ಬಾಯಿ ಸುಟ್ಟಿತು. ನಿನ್ನೆಯೇ ಪಾಸಾದ ಸಾಲು ಕಣ್ಣೆದುರಿಗೆ ಬಂತು.

‘ಮಗಳು ಏನಂತಾರ್ರಿ?’

‘ಅದ ತಿಳೀವಲ್ದು. ಸೊಲ್ಲಾಪುರಕ್ಕ ನಿನ್ನ ಬಸ್ಸು ಹೋಗಂಗಿಲ್ಲಪ್ಪಾ, ಆಳಂದಕ್ಕಾದ್ರ ಹೋಗ್ತದ ಅಂತಾಳ. ಹಂಗಂದ್ರ ಏನ್ರಿ? ಬ್ಯಾರೆ ಬಸ್ಸು ಬೇಕಾದಷ್ಟು ಅದಾವಲ್ಲ ಸೊಲ್ಲಾಪುರಕ್ಕ?’

ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಅಭ್ಯಾಸ. ‘ಭಾಳ ಅದಾವ್ರಿ’ ಎಂದೆ. ಗುಲಬರ್ಗಾದಿಂದ ಅವು ಬಿಡುವ ಹೊತ್ತನ್ನೂ ಹೇಳಿದೆ. ಕಂಡಕ್ಟರಿಗೆ.

ಆಕೆ ಹೇಳಿದ ಮಾತಿನ ಎರಡನೇ ಅರ್ಧ ನನಗೆ ಹೊಳೆದದ್ದು ಬಸ್ಸು ಹೊರಟುಹೋದ ಮೇಲೆ. ಅಂಗಡಿಗೆ ಬಂದು ನನ್ನ ಅಚ್ಚುಕಟ್ಟಾದ ಸಾಲನ್ನು ಅಳಿಸಿದೆ. ಅಳಿಸಿದರೆ ಪರೀಕ್ಷೆ ಇಲ್ಲವಾಗುತ್ತದೆ. ಪದ್ಧತಿ ಇದ್ದೇ ಇರುತ್ತದೆ. ಮತ್ತೆ ಬರೆದಿಟ್ಟೆ.

ಯಾಕಂದರೆ

ಅಮಾವಾಸ್ಯೆ ಹತ್ತಿರ ಬಂತು. ಫ್ಲಾಪಿ ಬರುವುದು ನಿಂತಿತ್ತು. ನಾನು ಬೇವಿನ ಮರದ ಕೆಳಗೆ ನಿಲ್ಲುವುದು ನಿಂತಿರಲಿಲ್ಲ.

ಒಂದು ದಿನ ಬಸ್ಸು ಪಂಕ್ಚರಾಗಿ ಕುಂಟುತ್ತ ಆಳಂದಕ್ಕೆ ಬಂತು. ಡ್ರೈವರು ಗಾಲಿ ಬಿಚ್ಚಲು ಕುಳಿತ. ಕಾಕಾ ಚೀಲದಿಂದ ಫ್ಲಾಪಿ ತೆಗೆದರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ.

‘ಇಷ್ಟು ದಿನ ಹೊತ್ತು ತಂದೀನಿ. ಈ ಹಪ್ಪಳದಾಗ ಏನಿರ್ತದ ಅಂತ ಒಮ್ಮೆರೆ ತೋರಸ್ರಿ. ಹೆಂಗೂ ಗಾಲಿ ಹಾಕೂತನಕ ಕೆಲಸಿಲ್ಲ.’

ಅಂಗಡಿಗೆ ಕರೆತಂದು ಸ್ಟೂಲಿನ ಮೇಲೆ ಕೂಡಿಸಿದೆ. ಫ್ಲಾಪಿ ಹಾಕಿದೆ. ಮಶೀನು ಗುರ್ ಎಂದಿತು. ಹಸಿರು ಅಕ್ಷರಗಳು ಒಂದರ ಕೆಳಗೊಂದು ಇಳಿದವು: ಸರಿ, ಸರಿ, ಸರಿ.

‘ಎಲ್ಲಾ ಸರೀನೇ ಅದಲ್ರಿ!’ ಎಂದರು ಕಾಕಾ, ಮಗಳ ಮೇಲಿನ ಹೆಮ್ಮೆಯಿಂದ.

ಟೊಂಯ್.

ಬಸ್ಸಿನ ಬೋರ್ಡು ಓದಿ ಓದಿ ಕಾಕಾನಿಗೆ ಇಂಗ್ಲಿಷ್ ಅಕ್ಷರ ಚೆನ್ನಾಗಿ ಬರುತ್ತದೆ. ಊರಿನ ಹೆಸರು ಕೂಗುವ ದನಿಯಲ್ಲೇ, ಅಂಗಡಿಯ ಮುಂದೆ ಹೋಗುವವರಿಗೂ ಕೇಳುವಂತೆ ಓದಿದರು.

‘ಬೇಕಾಗಿತ್ತು: ಜೇವರ್ಗಿ ಹುಡುಗಿಗೆ ಆಳಂದದ ಹುಡುಗ ಹೊಂದಬೇಕು.’

‘ಬಂದದ್ದು: ಹೊಂದಿಲ್ಲ.’

‘ಯಾಕಂದರೆ: ಹುಡುಗ ಇನ್ನೂ ಕೇಳಿಲ್ಲ.’

‘ಈ ಜೇವರ್ಗಿ ಹುಡುಗಿ ಯಾರು?’ ಎಂದರು ಕಾಕಾ.

‘ಮಾದರಿ ಹುಡುಗಿ ರೀ.’

‘ಆಳಂದದ ಹುಡುಗ?’

‘ಅಂವನೂ ಮಾದರೀನೇ ರೀ.’

‘ಹೆಂಗಿದ್ದಾನ ಅಂವ?’

ನಾನು ಏನೂ ಹೇಳಲಿಲ್ಲ.

‘ಗೊತ್ತಾತು ಬಿಡ್ರಿ’ ಎಂದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ‘ಯಾಕ ಕೇಳಿಲ್ಲ?’

ನಾನು ಪರದೆಯನ್ನು ನೋಡಿದೆ.

‘ಮಶೀನಿಗೆ ಕೇಳಾಕತ್ತಿಲ್ಲ ನಾ. ನಿಮಗ ಕೇಳಾಕತ್ತೇನಿ.’

‘ಕಾಕಾ’ ಎಂದೆ. ಅಲ್ಲಿಯವರೆಗೆ ಬದುಕಿನಲ್ಲಿ ಆಡಿದ ಮಾತುಗಳಲ್ಲೆಲ್ಲ ಉದ್ದನೆಯ ಮಾತನ್ನು ಆಡಿದೆ. ‘ನಿಮ್ಮ ಮಗಳು ಒಪ್ಪಿದ್ರ ನನಗ ಕೊಡ್ತೀರೇನ್ರಿ?’

ಕಾಕಾ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಪರದೆಯ ಕಡೆ ಬೆರಳು ತೋರಿಸಿದರು. ‘ಈಗೊಮ್ಮೆ ಹಚ್ಚಿ ನೋಡ್ರಿ.’

ಮತ್ತೆ ಓಡಿಸಿದೆ. ಸರಿ, ಸರಿ, ಸರಿ. ಟೊಂಯ್. ಹುಡುಗ ಇನ್ನೂ ಕೇಳಿಲ್ಲ.

‘ಕೇಳಿದ್ರಲ್ಲ! ನಾನ ಸಾಕ್ಷಿ ಇದ್ದೇನಿ! ಸುಳ್ಳು ಹೇಳ್ತದಲ್ರಿ ಇದು!’

‘ಇಲ್ರಿ ಕಾಕಾ. ಸರಿಯಾಗೇ ಹೇಳ್ತದ. ಇನ್ನೂ ನಿಮಗಷ್ಟೇ ಕೇಳೀನಿ. ಅವರಿಗೆ ಕೇಳಿಲ್ಲ.’

ಹೊರಗೆ ಬಸ್ಸಿನ ಹಾರ್ನು ಆಯಿತು. ಗಾಲಿ ಹಾಕಿ ಮುಗಿದಿತ್ತು. ಕಾಕಾ ಎದ್ದು ಟೋಪಿ ಇಟ್ಟುಕೊಂಡರು.

‘ಮತ್ತ ಸೊಲ್ಲಾಪುರದವ್ರು?’ ಎಂದೆ. ‘ಮೊದಲ ಪಾಳಿ ಅವರದಲ್ರಿ?’

ಕಾಕಾ ಬಾಗಿಲಲ್ಲಿ ನಿಂತರು. ‘ಅಲ್ಲಿಂದ ಟಾವೆಲ್ ಒಗದಾನ ಅಂವ. ನಾ ಏನಂತೀನಿ ಟಾವೆಲ್ಲಿಗೆ?’

ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡುವವನು ನಾನು, ಅದೊಂದನ್ನು ನೋಡದೆ ಓಡಿಹೋಗಿ ಹತ್ತಿ ಕೂತೆ. ಕಿಟಕಿ ಪಕ್ಕದ ಸೀಟು. ಆಳಂದ ಹಿಂದೆ ಸರಿಯಿತು, ಬೇವಿನ ಮರ ಹಿಂದೆ ಸರಿಯಿತು. ದಿನವೂ ಬರುವುದನ್ನು ಕಾಯುತ್ತಿದ್ದ ರಸ್ತೆಯಲ್ಲಿ ಮೊದಲ ಸಲ ನಾನು ಅತ್ತ ಹೋಗುತ್ತಿದ್ದೆ. ಆಕೆಯೆದುರು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬರೆದು ಅಳಿಸಿ ಬರೆಯುತ್ತಿದ್ದೆ.

ಕಾಕಾ ಎಲ್ಲರಿಗೂ ಟಿಕೆಟ್ ಕೊಡುತ್ತ ನನ್ನ ಹತ್ತಿರ ಬಂದರು. ನಾನು ನಕ್ಕೆ. ಅವರು ನಗಲಿಲ್ಲ.

‘ಎಲ್ಲಿಗೆ?’

‘ಜೇವರ್ಗೀ ರೀ ಕಾಕಾ’ ಎಂದೆ, ಜೇಬಿಗೆ ಕೈ ಹಾಕದೆ.

ಪಂಚನ್ನು ನನ್ನ ಮುಖದ ಮುಂದೆ ಕಟಕಟ ಆಡಿಸಿದರು.

‘ರೊಕ್ಕ ತಗೀರಿ. ಮನಿ ಮಂದಿಗೆ ಪುಕ್ಕಟೆ ಬಿಡಂಗಿಲ್ಲ ನಾ.’